680 ರೂಪಾಯಿಯ ಉದ್ದ ಪಾನಾ, ಬಣಕಲ್ ದಾಟಿದ ಮೇಲೆ ಬಂದ ಬುದ್ಧಿ

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ವೀಲ್ ಪಾನಾ, ಅಂದರೆ ಕಾರಿನ ಚಕ್ರದ ನಟ್ಟು ಬಿಚ್ಚುವ ಸಾಮಾನಿನ ಬಗ್ಗೆ ಬರೆದ ವಿಮರ್ಶೆ. ಇಷ್ಟು ಸಣ್ಣ ಸಾಮಾನಿಗೆ ಇಷ್ಟುದ್ದ ಯಾಕೆ ಅಂತ ಕೇಳಬಹುದು. ಮಳೆಯಲ್ಲಿ, ರಸ್ತೆ ಪಕ್ಕದ ಕೆಸರಲ್ಲಿ, ಮನೆಯವರನ್ನೆಲ್ಲ ಕಾರಿನಿಂದ ಇಳಿಸಿ ನಿಲ್ಲಿಸಿಕೊಂಡು, ಜಪ್ಪಯ್ಯ ಅಂದರೂ ಅಲುಗದ ನಟ್ಟಿನ ಮುಂದೆ ಮುಕ್ಕಾಲು ಗಂಟೆ ಕುಕ್ಕರುಗಾಲಲ್ಲಿ ಕೂತವರು ಮಾತ್ರ ಹಾಗೆ ಕೇಳುವುದಿಲ್ಲ.

ಸಾಮಾನು ಇಷ್ಟೇ. ಎಳೆದರೆ ಉದ್ದವಾಗುವ ಎಲ್ ಆಕಾರದ ಪಾನಾ. ಮಡಚಿದಾಗ 35 ಸೆಂಟಿಮೀಟರ್, ಪೂರ್ತಿ ಎಳೆದಾಗ 52. ಜೊತೆಗೆ ನಟ್ಟಿನ ಮೇಲೆ ಕೂರುವ ಎರಡು ಸಾಕೆಟ್. ಒಂದರ ಎರಡು ತುದಿಯಲ್ಲಿ 17 ಮತ್ತು 19, ಇನ್ನೊಂದರಲ್ಲಿ 21 ಮತ್ತು 23 ಎಂಎಂ. ತೂಕ ಒಂದೂಕಾಲು ಕೆಜಿ ಆಸುಪಾಸು. ಹಾಸನದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 750 ಹೇಳಿದರು, 680ಕ್ಕೆ ಕೊಟ್ಟರು. ದೊಡ್ಡ ಬ್ರಾಂಡ್ ಏನಲ್ಲ. ಡಬ್ಬದ ಮೇಲೆ ಇರುವ ಹೆಸರನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಇದೇ ತರಹದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಹೆಸರು ಬಿಟ್ಟು ಸಾಮಾನು ನೋಡೋಣ.

ಕೊಳ್ಳಬೇಕಾಗಿ ಬಂದದ್ದು ಹೀಗೆ. ಕಳೆದ ಜುಲೈನಲ್ಲಿ ಹಾಸನದಿಂದ ಉಜಿರೆಗೆ ಹೊರಟಿದ್ದೆವು. ಅಮ್ಮ, ಹೆಂಡತಿ, ಮಗಳು, ನಾನು. ಮೂಡಿಗೆರೆ ಕಳೆದು ಬಣಕಲ್ ದಾಟಿದ ಮೇಲೆ, ಇನ್ನೇನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಬೇಕು ಅನ್ನುವಷ್ಟರಲ್ಲಿ ಮುಂದಿನ ಎಡಗಡೆ ಟೈರು ಪಂಕ್ಚರ್. ಸ್ಟೆಪ್ನಿ ಇತ್ತು, ಗಾಳಿಯೂ ಇತ್ತು. ಜಾಕಿ ಇತ್ತು. ಕಾರಿನ ಜೊತೆ ಬಂದ ಪಾನಾ ಇತ್ತು. ಹತ್ತು ವರ್ಷದಲ್ಲಿ ಒಮ್ಮೆಯೂ ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯದೆ ಇದ್ದದ್ದು. ಹದಿನೈದು ನಿಮಿಷದ ಕೆಲಸ ಅಂದುಕೊಂಡೆ. ಅಮ್ಮನಿಗೂ ಹಾಗೇ ಹೇಳಿದೆ.

ನಾಲ್ಕು ನಟ್ಟಿನಲ್ಲಿ ಒಂದೂ ಅಲುಗಲಿಲ್ಲ. ಕೈಯಲ್ಲಿ ಆಗಲಿಲ್ಲ ಅಂತ ಕಾಲಲ್ಲಿ ತುಳಿದೆ. ತುಳಿದು ಆಗಲಿಲ್ಲ ಅಂತ ಕಾರಿನ ಮೇಲ್ಭಾಗ ಹಿಡಿದುಕೊಂಡು ಪಾನಾ ಮೇಲೆ ಪೂರ್ತಿ ನಿಂತೆ. ನಾನು 62 ಕೆಜಿ. ಪಾನಾ ಸ್ವಲ್ಪ ಬಾಗಿದ ಹಾಗೆ ಅನ್ನಿಸಿತೇ ಹೊರತು ನಟ್ಟು ಮಿಸುಕಾಡಲಿಲ್ಲ. ಆಮೇಲೆ ಮಾಡಬಾರದ್ದನ್ನು ಮಾಡಿದೆ, ನಿಂತಲ್ಲೇ ಸಣ್ಣಗೆ ಕುಣಿದೆ. ಪಾನಾ ಜಾರಿತು. ಮೊಣಕಾಲಿಗೆ ಫೆಂಡರ್ ಬಡಿಯಿತು, ನಟ್ಟಿನ ಮೂಲೆ ಒಂದು ಸವೆಯಿತು. ಒದ್ದೆ ಕಬ್ಬಿಣದ ಮೇಲೆ ಹೊಸದಾಗಿ ಕೆತ್ತಿದ ಬೆಳ್ಳಿ ಬಣ್ಣದ ಗೀರು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಂಗಳೂರಿಗೆ ತರಕಾರಿ ಒಯ್ಯುತ್ತಿದ್ದ ಒಂದು ಪಿಕಪ್ ನಿಂತಿತು. ಡ್ರೈವರ್ ಇಳಿದು ಬಂದು ಮೊದಲು ಕೇಳಿದ್ದು, 'ಸಾರ್, ಬಿಚ್ಚೋ ಕಡೆಗೇ ತಿರುಗಿಸ್ತಾ ಇದ್ದೀರಾ ತಾನೇ?' ಅಂತ. ನನಗೆ ಸಿಟ್ಟು ಬಂತು. ಆತ ನಕ್ಕು, ಹಳೇ ಲಾರಿಗಳಲ್ಲಿ ಕೆಲವಕ್ಕೆ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತಿತ್ತು, ಕ್ಲೀನರ್ ಆಗಿದ್ದಾಗ ಅದನ್ನು ತಪ್ಪಾಗಿ ತಿರುಗಿಸಿ ಇನ್ನೂ ಬಿಗಿ ಮಾಡಿ ಬೈಸಿಕೊಂಡಿದ್ದೆ ಅಂದ. ಆಮೇಲೆ ತನ್ನ ಸೀಟಿನ ಹಿಂದಿನಿಂದ ಎರಡಡಿ ಜಿಐ ಪೈಪ್ ತಂದು ನನ್ನ ಪಾನಾದ ಹಿಡಿಗೆ ತೂರಿಸಿ, ಒಂದು ಕೈ ಸಾಕೆಟ್ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ನಿಧಾನಕ್ಕೆ ಮೈಭಾರ ಬಿಟ್ಟ. ಕಿರ್ರ್ ಅಂತ ಒಂದು ಸದ್ದು, ಆಮೇಲೆ ಟಕ್. ಕಾಲು ಹಾಕಲಿಲ್ಲ, ಉಸಿರು ಕಟ್ಟಲಿಲ್ಲ. ನಾಲ್ಕೂ ನಟ್ಟು ಎರಡು ನಿಮಿಷದಲ್ಲಿ ಸಡಿಲ. 'ಬಲ ಅಲ್ಲ ಸಾರ್, ಉದ್ದ' ಅಂದ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿಯೋಣ ಬನ್ನಿ ಅಂದರೆ, ಮಾಲು ಬಾಡುತ್ತೆ ಅಂತ ಹೊರಟೇಬಿಟ್ಟ.

ಮನೆಗೆ ಬಂದು ಲೆಕ್ಕ ಹಾಕಿದೆ. ಕಾರಿನ ಜೊತೆ ಬಂದ ಪಾನಾ ಅಳೆದರೆ 25 ಸೆಂಟಿಮೀಟರ್. ನನ್ನ 62 ಕೆಜಿ ಪೂರ್ತಿ ಅದರ ತುದಿಯಲ್ಲಿ ಬಿದ್ದರೂ 62 ಗುಣಿಸು ಕಾಲು ಮೀಟರ್, ಅಂದರೆ ತಿರುಗಿಸುವ ಬಲ ಹದಿನೈದೂವರೆ ಕೆಜಿ-ಮೀಟರ್. ನಮ್ಮಂಥ ಸಣ್ಣ ಕಾರುಗಳ ಪುಸ್ತಕದಲ್ಲಿ ನಟ್ಟಿಗೆ ಇರಬೇಕಾದ ಬಿಗಿ 9ರಿಂದ 11 ಕೆಜಿ-ಮೀಟರ್ ಅಂತ ಇರುತ್ತದೆ, ನ್ಯೂಟನ್ ಮೀಟರ್ ಲೆಕ್ಕದಲ್ಲಿ ಸುಮಾರು 88ರಿಂದ 108. ನಿಮ್ಮ ಕಾರಿಗೆ ಎಷ್ಟು ಅಂತ ನಿಮ್ಮ ಪುಸ್ತಕದಲ್ಲೇ ನೋಡಿ, ಕಾರಿಂದ ಕಾರಿಗೆ ಬೇರೆ. ಹಾಗಾದರೆ ಸರಿಯಾಗಿ ಬಿಗಿ ಮಾಡಿದ ನಟ್ಟು ನಾನು ನಿಂತರೆ ಬಿಚ್ಚಿಕೊಳ್ಳಲೇಬೇಕಿತ್ತು ಅಲ್ವಾ? ಬಿಚ್ಚಲಿಲ್ಲ. ಯಾಕೆ ಅಂದರೆ ಅದಕ್ಕೆ ನಾಲ್ಕು ತಿಂಗಳ ಮುಂಚೆ ಒಂದು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದ್ದೆ. ಅಲ್ಲಿ ಹುಡುಗ ಗಾಳಿಯ ಒತ್ತಡದಲ್ಲಿ ನಟ್ಟು ತಿರುಗಿಸುವ ಏರ್ ಗನ್ ಹಿಡಿದು ಒಂದೊಂದು ನಟ್ಟಿಗೂ ಟರ್ರ್ರ್ ಅಂತ ಮೂರು ನಾಲ್ಕು ಸೆಕೆಂಡು ಬಿಟ್ಟಿದ್ದ. ಸಾಕೆಟ್ ಕೂರುವ ತುದಿ ಅರ್ಧ ಇಂಚು ಇರುವ ಗನ್‌ಗಳು 400, 500 ನ್ಯೂಟನ್ ಮೀಟರ್ ಸುಲಭವಾಗಿ ಕೊಡುತ್ತವೆ. ನೋಡುತ್ತಾ ನಿಂತು ಚೆನ್ನಾಗಿ ಬಿಗಿ ಮಾಡ್ತಾನೆ ಪಾಪ ಅಂದುಕೊಂಡವನು ನಾನೇ. ಅದರ ಮೇಲೆ ಮಲೆನಾಡಿನ ಮಳೆ, ತುಕ್ಕು. ಇಷ್ಟು ಸಾಕು.

ಇದೇ ಲೆಕ್ಕ ಹೊಸ ಪಾನಾಕ್ಕೆ ಹಾಕಿ. 62 ಕೆಜಿ, ಅರ್ಧ ಮೀಟರ್, 31 ಕೆಜಿ-ಮೀಟರ್. ಎರಡರಷ್ಟು. ನಾನು ಜಿಮ್‌ಗೆ ಹೋಗದೆ ಎರಡರಷ್ಟು ಗಟ್ಟಿಯಾದೆ ಅಂದ ಹಾಗೆ.

ತಂದ ಭಾನುವಾರವೇ ಅಂಗಳದಲ್ಲಿ ಪರೀಕ್ಷೆ. ಘಾಟಿಯಲ್ಲಿ ಬದಲಾಯಿಸಿದ ಚಕ್ರ ಬಿಟ್ಟು ಉಳಿದ ಮೂರು ಚಕ್ರದ ಹನ್ನೆರಡು ನಟ್ಟು ಇನ್ನೂ ಅದೇ ಗನ್ನಿನ ಬಿಗಿಯಲ್ಲೇ ಇದ್ದವು. ನಾನು ಶುರು ಮಾಡುವ ಮುಂಚೆ ಹೆಂಡತಿ, 'ನೀವು ಸುಮ್ನೆ ನಿಂತ್ಕೊಳ್ಳಿ, ನಾನೊಬ್ಬಳೇ ಇದ್ದಾಗ ಪಂಕ್ಚರ್ ಆದ್ರೆ ಏನು ಮಾಡ್ಲಿ' ಅಂತ ಪಾನಾ ಕಿತ್ತುಕೊಂಡಳು. ಅವಳು 52 ಕೆಜಿ. ಹಿಡಿಯನ್ನು ಎಡಗಡೆಗೆ, ಗಡಿಯಾರದ ಒಂಬತ್ತು ಗಂಟೆಯ ಜಾಗಕ್ಕೆ ಬರುವ ಹಾಗೆ ಸಾಕೆಟ್ ಕೂರಿಸಿ, ಬಲಗೈಯಿಂದ ಸಾಕೆಟ್ ಒತ್ತಿ ಹಿಡಿದು, ಎಡಗೈಯನ್ನು ಹಿಡಿಯ ತುದಿಯಲ್ಲಿಟ್ಟು ಕೆಳಗೆ ಒತ್ತಿದಳು. ಹಿಂದಿನ ಎಡ ಚಕ್ರದ ನಾಲ್ಕೂ ಬಂದವು. ಮುಂದಿನ ಬಲದಲ್ಲಿ ಮೂರು ಕೈಯಲ್ಲೇ ಬಂದವು, ನಾಲ್ಕನೆಯದಕ್ಕೆ ಕಾಲು ಬೇಕಾಯಿತು. ಹಾರಿ ಕುಣಿಯುವುದಲ್ಲ, ಸುಮ್ಮನೆ ಕಾಲಿಟ್ಟು ನಿಧಾನಕ್ಕೆ ಭಾರ ಬಿಡುವುದು. ಪ್ರತಿ ಸಲ ಟಕ್ ಅಂದಾಗ ಮಗಳು ಚಪ್ಪಾಳೆ ಹೊಡೆದಳು. ನನಗೆ ಉಳಿದದ್ದು ಹಿಂದಿನ ಬಲ ಚಕ್ರ.

ಅದರಲ್ಲಿ ಒಂದು ನಟ್ಟು ಈ ಪಾನಾಕ್ಕೂ ಬಗ್ಗಲಿಲ್ಲ. ಬರಲ್ಲ ಅಂದರೆ ಬರಲ್ಲ. ಹಿಡಿ ಸ್ಪ್ರಿಂಗಿನ ಹಾಗೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಆಗ ನಿಲ್ಲಿಸಿದೆ. ಡಬ್ಲ್ಯೂಡಿ-40 ಹೊಡೆದು, ಪಾನಾದಿಂದ ನಟ್ಟಿನ ತಲೆಗೆ ನಾಲ್ಕು ಸಲ ಮೆತ್ತಗೆ ತಟ್ಟಿ, ಟೀ ಕುಡಿಯಲು ಒಳಗೆ ಹೋದೆ. (ಈ ಡಬ್ಬದ ಎಣ್ಣೆ 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಕಬ್ಬಿಣದಿಂದ ನೀರನ್ನು ಹೊರದೂಡಲಿ ಅಂತ. 40 ಅಂದರೆ ನಲವತ್ತನೇ ಸಲದ ಪ್ರಯತ್ನ. ತುಕ್ಕು ಬಿಡಿಸಲಿಕ್ಕೇ ಮಾಡಿದ ಬೇರೆ ಎಣ್ಣೆಗಳಿವೆ, ನನ್ನ ಹತ್ತಿರ ಇದ್ದದ್ದು ಇದು.) ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೂ ಇಲ್ಲ. ರಾತ್ರಿ ಮತ್ತೊಮ್ಮೆ ಹೊಡೆದು ಬಿಟ್ಟೆ. ಬೆಳಿಗ್ಗೆ ಪಿಕಪ್ ಡ್ರೈವರ್ ಹೇಳಿದ್ದ ಇನ್ನೊಂದು ಮಾತು ನೆನಪಾಯಿತು. ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕು ಎರಡೂ ಕಡೆಯಿಂದ ಒಡೆಯುತ್ತದೆ ಅಂತ. ಒತ್ತಿದೆ, ತಿರುಗಿಸಿದೆ, ಕಿರ್ರ್ ಅಂತು. ಹೊರಗೆ ಬಂದಾಗ ಥ್ರೆಡ್ಡಿನ ಸಂದಿಯಲ್ಲಿ ಕಾಫಿಪುಡಿ ತರಹದ ಕಂದು ಪುಡಿ ತುಂಬಿತ್ತು. ತಂತಿ ಬ್ರಷ್‌ನಿಂದ ಉಜ್ಜಿ ತೆಗೆದೆ. ಈ ಎಣ್ಣೆ ಹೊಡೆಯುವವರು ಒಂದು ಗಮನದಲ್ಲಿಡಿ. ಬ್ರೇಕ್ ಡಿಸ್ಕ್ ಮೇಲೆ, ಡ್ರಮ್ ಒಳಗೆ ಬೀಳಬಾರದು. ನಟ್ಟು ವಾಪಸ್ ಹಾಕುವ ಮುಂಚೆ ಥ್ರೆಡ್ಡನ್ನು ಬಟ್ಟೆಯಿಂದ ಒಣಗುವಷ್ಟು ಒರೆಸಬೇಕು. ಎಣ್ಣೆ ಇರುವ ಥ್ರೆಡ್ಡಿನಲ್ಲಿ ಅದೇ ಬಲಕ್ಕೆ ನಟ್ಟು ಇನ್ನೂ ಜಾಸ್ತಿ ಬಿಗಿಯಾಗಿ, ಅದು ಕೂರುವ ಬೋಲ್ಟು, ಅಂದರೆ ಸ್ಟಡ್, ಎಳೆದುಕೊಳ್ಳುತ್ತದೆ.

ಈಗ ಪಾನಾದ ತಪ್ಪುಗಳು. ಇವೆ, ಸಾಕಷ್ಟಿವೆ.

ಎಳೆದು ಉದ್ದ ಮಾಡಿದಾಗ ಒಂದು ಗುಂಡಿ ಟಿಕ್ ಅಂತ ಕೂತು ಲಾಕ್ ಆಗುತ್ತದೆ. ಲಾಕ್ ಆದ ಮೇಲೂ ಹಿಡಿ ಒಂದೆರಡು ಮಿಲಿಮೀಟರ್ ಲೊಡಲೊಡ ಅನ್ನುತ್ತದೆ. ಮೊದಲ ಸಲ ಇದೇನು ಮುರಿಯುತ್ತದಾ ಅಂತ ಭಯವಾಯಿತು, ಮುರಿದಿಲ್ಲ. ಆದರೆ ಗುಂಡಿಯ ಸಂದಿಗೆ ಮರಳು ಹೋದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ, ಒಮ್ಮೆ ಮಗಳ ಕಂಪಾಸಿನ ಮೊನೆಯಿಂದ ಬಿಡಿಸಬೇಕಾಯಿತು. ಹಿಡಿಯ ರಬ್ಬರ್ ಮೂರನೇ ಸಲಕ್ಕೇ ತಿರುಗಲು ಶುರು. ಒದ್ದೆ ಕೈಯಲ್ಲಿ ಇದು ಕಿರಿಕಿರಿ. ನಾನು ರಬ್ಬರ್ ಕಿತ್ತು ಹಾಕಿ, ಕ್ರಿಕೆಟ್ ಬ್ಯಾಟಿನ ಗ್ರಿಪ್ ಸುತ್ತಿದ್ದೇನೆ.

ದೊಡ್ಡ ತೊಂದರೆ ಸಾಕೆಟ್ಟಿನದು. ಅದರ ಗೋಡೆ ದಪ್ಪ. ನಮ್ಮದು ಸಾದಾ ಸ್ಟೀಲ್ ರಿಮ್, ಆದ್ದರಿಂದ ಪರವಾಗಿಲ್ಲ. ಪಕ್ಕದ ಮನೆಯವರ ಕಾರಿಗೆ ಅಲಾಯ್ ವೀಲ್, ನಟ್ಟುಗಳು ಆಳವಾದ ತೂತಿನೊಳಗೆ ಕೂತಿವೆ. ಅಲ್ಲಿ ಈ ಸಾಕೆಟ್ ಒಳಗೇ ಹೋಗಲಿಲ್ಲ. ಜಾಸ್ತಿ ತುರುಕಿದರೆ ಅಲಾಯ್ ಗೀರು ಬೀಳುತ್ತದೆ, ಅವರ ಮುಖ ನೋಡಿ ನಾನೇ ಕೈಬಿಟ್ಟೆ. ಅಲಾಯ್ ಇರುವವರು ತೆಳು ಗೋಡೆಯ ಸಾಕೆಟ್ ಕೇಳಿ ತೆಗೆದುಕೊಳ್ಳಿ. ಅಂಗಡಿಗೆ ಕಾರನ್ನೇ ತೆಗೆದುಕೊಂಡು ಹೋಗಿ ಒಂದು ನಟ್ಟಿಗೆ ಕೂರಿಸಿ ನೋಡಿ, ನಾಚಿಕೆ ಬೇಡ. ಕಂಪನಿ ಕಳ್ಳತನ ತಡೆಯಲಿಕ್ಕೆ ಅಂತ ಬೇರೆ ಆಕಾರದ ಲಾಕ್ ನಟ್ಟು ಹಾಕಿದ್ದರೆ ಅದರ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ. ಅದಿಲ್ಲದೆ ಯಾವ ಪಾನಾ ಇದ್ದೂ ಪ್ರಯೋಜನವಿಲ್ಲ.

ಒಳ್ಳೆಯ ಮಾತೂ ಇದೆ. ಸಾಕೆಟ್ ಒಳಗೆ ಆರು ಮೂಲೆ, ಹನ್ನೆರಡು ಅಲ್ಲ. ಆರು ಮೂಲೆಯದು ನಟ್ಟಿನ ಚಪ್ಪಟೆ ಬದಿಯನ್ನು ತಬ್ಬಿ ಹಿಡಿಯುತ್ತದೆ. ಹನ್ನೆರಡರದ್ದು ಮೂಲೆಗಳನ್ನಷ್ಟೇ ಕಚ್ಚುತ್ತದೆ, ಜೋರು ಹಾಕಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಕೊಳ್ಳುವಾಗ ಸಾಕೆಟ್ ಬಾಯಿ ತಿರುಗಿಸಿ ಎಣಿಸಿ ನೋಡುವುದಕ್ಕೆ ಎರಡು ಸೆಕೆಂಡು. ಹಾಗೇ, 21ರ ನಟ್ಟಿಗೆ 23ರ ತುದಿ ಹಾಕಬೇಡಿ. ಹಾಕಿದರೆ ಕೂರುತ್ತದೆ, ತಿರುಗಿಸಿದರೆ ಜಾರುತ್ತದೆ. ಮಳೆ, ಕತ್ತಲು, ಗಾಬರಿ, ಇವು ಮೂರೂ ಇದ್ದಾಗ ತುದಿ ತಪ್ಪುವುದು ಸುಲಭ. ನಾನು ನಮ್ಮ ಕಾರಿನ ತುದಿಗೆ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಳಿದಿಟ್ಟಿದ್ದೇನೆ.

ಅಂಗಡಿಯವರು ಮೊದಲು ತೋರಿಸಿದ್ದು ಪ್ಲಸ್ ಪಾನಾ, 450ಕ್ಕೆ. ನಾಲ್ಕು ತುದಿಗೆ ನಾಲ್ಕು ಸೈಜು. ಅದು ಕೆಟ್ಟದ್ದೇನಲ್ಲ. ಒಂದು ಕೈ ಮೇಲೆಳೆದು ಇನ್ನೊಂದು ಕೈ ಕೆಳಗೆ ಒತ್ತುವುದರಿಂದ ಸಾಕೆಟ್ ಓರೆಯಾಗಿ ಜಾರುವುದಿಲ್ಲ, ಸಡಿಲಾದ ನಟ್ಟನ್ನು ಗಿರಗಿರ ತಿರುಗಿಸಿ ಬಿಚ್ಚುವುದಕ್ಕೆ ಅದರಷ್ಟು ಬೇಗ ಇನ್ನೊಂದಿಲ್ಲ. ಆದರೆ ಸಾಮಾನ್ಯವಾಗಿ ಸಿಗುವ 14 ಇಂಚಿನದರಲ್ಲಿ ನಟ್ಟಿನಿಂದ ನಿಮ್ಮ ಕೈಗೆ ಬರೀ 7 ಇಂಚು. ತೋಳಿನಲ್ಲಿ ಶಕ್ತಿ ಇದ್ದವರಿಗೆ ಸರಿ. ಡಿಕ್ಕಿಯಲ್ಲಿ ಅದನ್ನಿಡುವುದೂ ಕಷ್ಟ, ಹೇಗಿಟ್ಟರೂ ಒಂದು ಕಾಲು ಚೀಲಕ್ಕೆ ಚುಚ್ಚುತ್ತದೆ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ 12 ವೋಲ್ಟಿನ ಎಲೆಕ್ಟ್ರಿಕ್ ಗನ್ ಬಗ್ಗೆಯೂ ಯೋಚಿಸಿದ್ದೆ. ಅದು ಎರಡು ಸಾವಿರದ ಮೇಲೆ, ಜೊತೆಗೆ ವೈರು, ಫ್ಯೂಸು. ಘಾಟಿಯಲ್ಲಿ ಕೆಟ್ಟುಹೋಗಲು ಅವಕಾಶವೇ ಇಲ್ಲದ ಸಾಮಾನು ನನಗೆ ಬೇಕಿತ್ತು. ಇನ್ನು ಜಿಐ ಪೈಪ್. ಗುಜರಿಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ, ಕೆಲಸವೂ ಮಾಡುತ್ತದೆ, ಅದಕ್ಕೆ ಮುಖ ಮುರಿಯಬೇಡಿ. ಆದರೆ ಕಾರಿನ ಪಾನಾದ ಹಿಡಿ ಅದರೊಳಗೆ ತೂರುತ್ತಾ ನೋಡಿಕೊಂಡು ತನ್ನಿ.

ಉದ್ದ ಪಾನಾದ ಅಪಾಯ ಒಂದಿದೆ, ಡಬ್ಬದ ಮೇಲೆ ಅದನ್ನು ಬರೆದಿಲ್ಲ. ಬಿಚ್ಚುವುದಕ್ಕೆ ಎಷ್ಟು ಸುಲಭವೋ ವಿಪರೀತ ಬಿಗಿ ಮಾಡುವುದಕ್ಕೂ ಅಷ್ಟೇ ಸುಲಭ. ಅರ್ಧ ಮೀಟರ್ ಹಿಡಿಯ ತುದಿಯಲ್ಲಿ 20 ಕೆಜಿ ಒತ್ತಿದರೆ 10 ಕೆಜಿ-ಮೀಟರ್ ಆಯಿತು, ನಮ್ಮ ಕಾರಿಗೆ ಅಷ್ಟು ಸಾಕು. 20 ಕೆಜಿ ಒತ್ತುವುದು ಅಂದರೆ ಎಷ್ಟು? ಮನೆಯಲ್ಲಿ ತೂಕ ನೋಡುವ ಮಷೀನ್ ಇದ್ದರೆ ಅದರ ಮೇಲೆ ಒಂದು ಕೈಯೂರಿ, 20 ತೋರಿಸುವವರೆಗೆ ಒತ್ತಿ ನೋಡಿ. ನಾವು ಮೂವರೂ ಮಾಡಿ ನೋಡಿದೆವು. ನಾನು ಅಂದಾಜಿನಲ್ಲಿ 20 ಅಂತ ಒತ್ತಿದ್ದು 34 ತೋರಿಸಿತು! ನಾಲ್ಕೈದು ಸಲ ಒತ್ತಿದರೆ ಕೈಗೆ ಗೊತ್ತಾಗುತ್ತದೆ. ಬಿಗಿ ಎಷ್ಟು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಇದೆಲ್ಲ ಬೇಡ, ನನ್ನ ಹತ್ತಿರ ಇಲ್ಲ. ಬಿಗಿ ಮಾಡುವಾಗ ಮಾತ್ರ ಕಾಲು ಹಾಕಲೇಬೇಡಿ. ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಜಾಕಿ ಇಳಿಸಿ ಚಕ್ರ ನೆಲಕ್ಕೆ ಕೂತ ಮೇಲೆ ಕೊನೆಯ ಸುತ್ತು. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಬಿಚ್ಚುವಾಗ ಇದರ ಉಲ್ಟಾ. ಚಕ್ರ ನೆಲದಲ್ಲಿ ಇರುವಾಗಲೇ ನಟ್ಟು ಕಾಲು ಸುತ್ತು ಸಡಿಲ ಮಾಡಬೇಕು, ಆಮೇಲೆ ಜಾಕಿ. ಎತ್ತಿದ ಮೇಲೆ ಒತ್ತಲು ಹೋದರೆ ಚಕ್ರ ತಿರುಗುತ್ತದೆ, ಇಲ್ಲವೇ ಕಾರು ಜಾಕಿಯಿಂದ ಜಾರುತ್ತದೆ. ಹ್ಯಾಂಡ್‌ಬ್ರೇಕ್, ಒಂದನೇ ಗೇರ್, ಎದುರು ಮೂಲೆಯ ಚಕ್ರಕ್ಕೆ ಕಲ್ಲು. ಗೊತ್ತಿರುವವರಿಗೆ ಇದು ಹೇಳುವ ಮಾತೇ ಅಲ್ಲ, ಆದರೆ ಅವತ್ತು ಬಣಕಲ್ ಹತ್ತಿರ ನಾನು ಕಲ್ಲಿಡುವುದನ್ನು ಮರೆತಿದ್ದೆ, ಇಟ್ಟದ್ದು ಅಮ್ಮ.

ಆ ಟೈರ್ ಅಂಗಡಿಗೆ ಮತ್ತೆ ಹೋಗಿದ್ದೆ. ಜಗಳಕ್ಕಲ್ಲ, ಪಂಕ್ಚರ್ ಆದದ್ದನ್ನು ಹಾಕಿಸಲು. 'ಅಣ್ಣಾ, ಗನ್ನಲ್ಲಿ ಪೂರ್ತಿ ಬಿಗಿ ಮಾಡ್ಬೇಡಿ, ಕೊನೇದು ಕೈ ಪಾನಾದಲ್ಲಿ ಮಾಡಿ' ಅಂದೆ. 'ದಾರೀಲಿ ವೀಲ್ ಕಳಚ್ಕೊಂಡ್ರೆ ನಮ್ಮನ್ನ ಕೇಳ್ಬೇಡಿ ಸಾರ್' ಅಂತ ಉತ್ತರ ಬಂತು. ಪಾಪ, ಅವರ ಭಯ ಅವರಿಗೆ. ಸಡಿಲ ಬಿಟ್ಟರೆ ಬೈಗುಳ ಅವತ್ತೇ ಬರುತ್ತದೆ, ಜಾಸ್ತಿ ಬಿಗಿ ಮಾಡಿದರೆ ಎಲ್ಲೋ ಘಾಟಿಯಲ್ಲಿ ಯಾರೋ ಬೈದುಕೊಂಡರೆ ಅವರಿಗೆ ಕೇಳಿಸುತ್ತದಾ? ನಾನು ಪಾನಾ ತೆಗೆದು ಅಲ್ಲೇ, ಅವರ ಮುಂದೆಯೇ, ನಾಲ್ಕೂ ನಟ್ಟು ಸಡಿಲಿಸಿ ಮತ್ತೆ ಬಿಗಿ ಮಾಡಿದೆ. ಹುಡುಗ ಗನ್ ಹಿಡಿದುಕೊಂಡು ನೋಡುತ್ತಾ ನಿಂತಿದ್ದ. ಹೋಗುವಾಗ, 'ಸಾರ್, ಇದೆಲ್ಲಿ ಸಿಗುತ್ತೆ, ಎಷ್ಟು?' ಅಂತ ಕೇಳಿದ.

ಐದಕ್ಕೆ ನಾಲ್ಕು ಕೊಡುತ್ತೇನೆ. ರಬ್ಬರ್ ಹಿಡಿಗೆ ಅರ್ಧ, ಸಾಕೆಟ್ ದಪ್ಪಕ್ಕೆ ಅರ್ಧ ಕಳೆದೆ. ವರ್ಷವಾಗುತ್ತಾ ಬಂತು, ಅಂಚಿನಲ್ಲಿ ಮೇಲಿನ ಹೊಳಪು ಸ್ವಲ್ಪ ಎದ್ದಿದೆ ಅಷ್ಟೇ. ಒಂದೇ ಸಮಸ್ಯೆ, ಅದು ಡಿಕ್ಕಿಯಲ್ಲಿ ಉಳಿಯುವುದಿಲ್ಲ. ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪ ಬೋರ್‌ವೆಲ್ ಪಂಪಿನ ತುಕ್ಕು ಹಿಡಿದ ಬೋಲ್ಟ್ ಬಿಚ್ಚುತ್ತೇನೆ ಅಂತ ತೆಗೆದುಕೊಂಡು ಹೋದವರು ವಾಪಸ್ ಕೊಟ್ಟಿಲ್ಲ. ಫೋನ್ ಮಾಡಿ ಕೇಳಿದರೆ, 'ನೀನು ಇನ್ನೊಂದು ತಗೋ, ಇದು ಚೆನ್ನಾಗಿದೆ' ಅಂದರು. ನಾಳೆ ಅದೇ ಅಂಗಡಿಗೆ ಹೋಗಬೇಕು. ಈ ಸಲ 650ಕ್ಕೆ ಕೇಳುತ್ತೇನೆ.